ನನ್ನ ಕತ್ತು ನೋಡೋಕೆ ಬಂದೋರು

ಊರಲ್ಲಿ ಯಾರಿಗೂ ಆಗದ್ದು ನನಗೇ ಆಗೋದು. ನಗೋಕೆ ಮಾತ್ರ ಊರೆಲ್ಲ ಬರುತ್ತೆ. ಕತ್ತಿನ ಹೊಲಿಗೆ ನೋಡಿದೋರು ಈಗಲೂ ಕೇಳ್ತಾರೆ, "ಯಾರಣ್ಣ ಚಾಕು ಹಾಕಿದ್ದು?" ಅಂತ. ನನಗೆ ಚಾಕು ಹಾಕೋ ಗಂಡು ಹುಟ್ಟಿಲ್ಲ. ಹಲಸೂರು ಗರಡೀಲಿ ಬೆಳೆದ ಕತ್ತು ಇದು, ಇಬ್ರು ಜೋತುಬಿದ್ರೂ ಬಗ್ತಿರಲಿಲ್ಲ. ಎರಡು ಸಾವಿರನೇ ಇಸವಿ ಈಚೆಗೆ ಅದ್ರಲ್ಲೊಂದು ಗೆಡ್ಡೆ ಎದ್ತು. ಮುದ್ದೆ ಇಳೀದಂಗಾಯ್ತು.

ಮುದ್ದೆ

ಕಂಟೋನ್ಮೆಂಟ್ ಕಡೆ ಒಂದು ಆಸ್ಪತ್ರೆಗೆ ಹೋದೆ. ಚಿಕ್ಕ ಡಾಕ್ಟ್ರಮ್ಮ ಅಂದ್ಲು, "ತಾತ, ಮುದ್ದೆ ಚೆನ್ನಾಗಿ ಅಗಿದು ತಿನ್ನಿ."

"ಅದು ನುಂಗೋದಮ್ಮ. ಅಗಿಯೋನು ಗರಡೀಲಿದ್ರೆ ಆಚೆಗೆ ಹಾಕ್ತಿದ್ವಿ."

"ಹಂಗಾದ್ರೆ ಚಪಾತಿ ತಿನ್ನಿ."

ಗೆಡ್ಡೆ ಕೊಲ್ಲಲಿಲ್ಲ. ಆ ಮಾತು ಅರ್ಧ ಕೊಂದ್ಹಾಕ್ತು.

ಟಿನ್ ಫ್ಯಾಕ್ಟರಿ

ಸ್ಕ್ಯಾನ್ ಮಾಡಿದ್ರು. ಇನ್ನೊಬ್ಬ ಡಾಕ್ಟ್ರು ಫಿಲಂ ಬೆಳಕಿಗೆ ಹಿಡಿದು ಬಾಯಿ ಬಿಟ್ಕೊಂಡು ನಿಂತ.

"ಯಜಮಾನ್ರೇ, ಓಲ್ಡ್ ಮದ್ರಾಸ್ ರೋಡು ಹಲಸೂರು ದಾಟಿ, ಮುಂದೆ ಟಿನ್ ಫ್ಯಾಕ್ಟರಿ ಹತ್ರ ಕವಲೊಡೆಯುತ್ತಲ್ಲ? ತಲೆಗೆ ಹೋಗೋ ರಕ್ತನಾಳಾನೂ ಹಂಗೇ, ಎಲ್ರಿಗೂ ಗಂಟಲ ಮೇಲ್ಗಡೆ ಎರಡಾಗುತ್ತೆ. ನಿಮ್ಮದು ತುಂಬ ಕೆಳಗೇ, ಹಲಸೂರಲ್ಲೇ ಎರಡಾಗಿದೆ. ಗೊತ್ತಿಲ್ದೆ ಕತ್ತರಿಸಿದ್ರೆ ಅನಾಹುತ. ದೊಡ್ಡ ಸರ್ಜನ್ನೇ ಮಾಡ್ಬೇಕು."

"ನಾನು ಹಲಸೂರೋನು. ನನ್ನ ನರ ಟಿನ್ ಫ್ಯಾಕ್ಟರಿಗೆ ಯಾಕ್ರೀ ಹೋಗ್ಬೇಕು?" ಅಂದೆ.

ಪಾಠ

ಬೆಡ್ ಖಾಲಿ ಇಲ್ಲ ಅಂತ ಬೆಂಚಿನ ಮೇಲೆ ಕೂರಿಸಿದ್ರು. ಡಾಕ್ಟ್ರು ಓದೋ ಹುಡುಗ್ರು ಸುತ್ತ ನಿಂತು ಒಬ್ಬೊಬ್ಬರಾಗಿ ಕತ್ತು ಮುಟ್ಟಿ ನೋಡೋರು. ಗರಡೀಲಿ ಒಬ್ಬನ ಕೈಗೂ ಸಿಗದಿದ್ದ ಕತ್ತು! ಹಿಂಗೇ ಎಷ್ಟೋ ಸಲ ಕರೆಸಿದ್ರು, ಕಳಿಸಿದ್ರು.

ಮನೇಲಿ ಹೆಂಡ್ತಿ, "ಏನಂದ್ರು?"

"ಬಲು ಅಪರೂಪದ ಕತ್ತಂತೆ ಕಣೇ."

"ಅಪರೂಪದ ಕತ್ತು ಹಾರ ಹಾಕಿಸ್ಕೊಂಡು ಬರ್ಬೇಕಿತ್ತು. ಇದು ಮುದ್ದೆ ಬಿಟ್ಟು ಗಂಜಿಗೆ ಬಂದೈತೆ" ಅಂತ ತಟ್ಟೆ ಕುಕ್ಕಿದ್ಲು.

ಬೆಡ್

ಕೊನೆಗೂ ದೊಡ್ಡ ಸರ್ಜನ್ ಬಂದ. ಅಷ್ಟೊತ್ತಿಗೆ ಗಂಜೀನೂ ಕಷ್ಟಪಟ್ಟು ಇಳೀತಿತ್ತು. ಫಿಲಂ ನೋಡಿ ಬೆನ್ನು ತಟ್ಟಿದ.

"ಆಪರೇಷನ್ ಯಾವಾಗ ಸಾರ್?"

"ಬೆಡ್ ಇಲ್ಲ, ಮುಂದಿನ ತಿಂಗ್ಳು ನೋಡೋಣ. ಅಂದಂಗೆ, ದೇಹದಾನ ಅಂತ ಕೇಳಿದ್ದೀರಾ? ನೀವು ಹೋದ್ಮೇಲೆ ಕಾಲೇಜಿಗೆ ಕೊಟ್ರೆ, ಮಕ್ಕಳು ಈ ಕತ್ತು ಬಿಚ್ಚಿ ನೋಡಿ ಕಲೀತಾರೆ."

"ಅಲ್ಲಿ ಮಲಗೋಕೆ ಜಾಗ ಐತಾ?"

"ಓ, ಉದ್ದನೆ ಟೇಬಲ್ ಇದೆ."

"ಈಗ ಖಾಲಿ ಐತಾ?"

"ಇದೆಯಪ್ಪ."

"ಹಂಗಾದ್ರೆ ಅದ್ರ ಮೇಲೇ ಇವತ್ತೇ ಕುಯ್ದುಬಿಡಿ ಸಾರ್. ಬದುಕಿದ್ರೆ ಎದ್ದು ಮುದ್ದೆ ತಿನ್ನೋಕೆ ಹೋಗ್ತೀನಿ. ಸತ್ರೆ ನಿಮಗೆ ಅಲ್ಲಿಗೆ ಹೊತ್ಕೊಂಡು ಹೋಗೋ ಕೆಲ್ಸ ತಪ್ತು."

ಮಾರನೇ ದಿನವೇ ನನಗೊಂದು ಬೆಡ್ ಖಾಲಿ ಆಯ್ತು.