ಕೆಳಕ್ಕೆ ಬೆಳೆದ ಮನೆ

ನಮ್ಮ ಅಕ್ಕನಂಥ ಹಟಮಾರಿ ಬಸವಕಲ್ಯಾಣದಲ್ಲಿ ಇನ್ನೊಬ್ಬಳಿಲ್ಲ. ಆ ಹಟಕ್ಕೆ ಅರ್ಧ ಕಾರಣ ನಾನೇ. ನಮ್ಮ ಸೀಮೆ ಮೈಸೂರು ರಾಜ್ಯಕ್ಕೆ ಸೇರಿ ಕೆಲವೇ ವರ್ಷವಾಗಿತ್ತು. ಭಾವ ತೀರಿಕೊಂಡ ಮೇಲೆ ಅವಳ ಮೈದುನರು ಮನೆ ಪಾಲು ಮಾಡಲು ಕೂತಾಗ, ತವರಿನ ಪರವಾಗಿ ಮಾತಾಡಲೆಂದು ಹುಮನಾಬಾದಿನಿಂದ ನಾನು ಹೋಗಿದ್ದೆ. ಅಂದು ನಾನು ಬಾಯಿ ತೆರೆದದ್ದು ಚಹಾ ಕುಡಿಯಲಿಕ್ಕೆ ಮಾತ್ರ. ಅಕ್ಕನಿಗೆ ಬಂದದ್ದು ಗುಡ್ಡದ ಅಂಚಿನ ಒಂದು ಖೋಲಿ, ಅದರ ಮುಂದೆ ಮೇಕೆಯೂ ಯೋಚಿಸಿ ಇಳಿಯುವಂಥ ಇಳಿಜಾರು.

"ಬ್ಯಾಸರಾದರ ನಮ್ಮ ಅಂಗಳಕ್ಕ ಬಂದಿರ್ರಿ, ವೈನಿ," ಎಂದರು ಮೈದುನರು. ಬಂದರೆ ಆ ಖೋಲಿಯೂ ಅವರದೇ!

ಊರಿನವರ ಮನೆ ಮೇಲಕ್ಕೆ ಬೆಳೆದರೆ ಅಕ್ಕ ತನ್ನ ಮನೆಯನ್ನು ಕೆಳಕ್ಕೆ ಬೆಳೆಸತೊಡಗಿದಳು. ಇಳಿಜಾರು ಕಡಿಯುವಾಗ ಸಿಕ್ಕ ಕೆಂಪುಕಲ್ಲೇ ಗೋಡೆ. ಕೆಳಗಿನ ಅಡುಗೆಮನೆಯ ಮಾಳಿಗೆಯೇ ಮೇಲಿನ ಖೋಲಿಗೆ ಅಂಗಳ.

"ಅಕ್ಕಾರ, ಇದು ಮನಿ ಅಲ್ರಿ, ಬಾವಿ," ಎಂದ ಗೋಡೆ ಕಟ್ಟಲು ಬಂದ ಗೌಂಡಿ.

"ಬಾವಿ ಕಟ್ಟಿ ಗೊತ್ತದ ಅಲ್ಲ? ಕಟ್ಟು ಮತ್ತ."

ನೋಡಲು ಬಂದವರು ಅಂಗಳದಲ್ಲಿ ನಿಂತು ತಲೆಯಾಡಿಸುತ್ತಿದ್ದರೆ ಅವರ ಕಾಲ ಕೆಳಗಿನಿಂದಲೇ ದನಿ ಬರುತ್ತಿತ್ತು: "ಯಾರದು ಮ್ಯಾಲ? ಹಗೂರ ನಿಂದರ್ರಿ, ಹಿಟ್ಟಿನ್ಯಾಗ ಮಣ್ಣ ಬೀಳಾಕತ್ತದ."

ಮೊದಲ ಮಳೆಗೆ ಕೆಳಗಿನ ಗೋಡೆ ಜಾರಿ ಓಣಿಗೆ ಬಂತು. ಮೈದುನರು ತಮ್ಮ ಅಂಗಳ ಗುಡಿಸಿಟ್ಟು ಕಾದರು. ನಾನೂ ಬಸ್ಸು ಹತ್ತಿ ಹೋಗಿ, "ಸಾಕು ಮಾಡ ಅಕ್ಕಾ, ಹುಮನಾಬಾದಿಗೆ ನಡಿ," ಎಂದೆ.

"ಗ್ವಾಡಿ ಬಿದ್ದದ. ನಾ ಬಿದ್ದೀನೇನೋ?" ಎಂದು ಕಲ್ಲಿನ ಬುಟ್ಟಿಯನ್ನು ನನ್ನ ತಲೆಗೇರಿಸಿದಳು. ನನ್ನ ಕುತ್ತಿಗೆ ಇನ್ನೂ ಅದರ ದೂರು ಹೇಳುತ್ತದೆ. ಈ ಸಲ ಗೋಡೆಯನ್ನು ಗುಡ್ಡದತ್ತ ತುಸು ವಾಲಿಸಿ, ನೀರು ಹೋಗಲು ನಡುನಡುವೆ ಕಿಂಡಿ ಬಿಡಿಸಿದಳು. ಮುಂದಿನ ಮಳೆ ಆ ಕಿಂಡಿಗಳಿಂದ ಸುರಿದು ಹೋಯಿತು. ಗೋಡೆ ನಿಂತಿತು.

ಹೊಸ ಒಲೆ ಹಚ್ಚುವ ದಿನ, ಮುತ್ತೈದೆಯರೇ ಹಚ್ಚಬೇಕೆಂದರು ಓಣಿಯ ಹಿರಿಯರು. "ಕಲ್ಲ ಹೊರುವಾಗ ಯಾರೂ ಇದನ್ನ ಕೇಳಲಿಲ್ಲ," ಎನ್ನುತ್ತ ಅಕ್ಕ ತಾನೇ ಕಡ್ಡಿ ಗೀರಿದಳು. ಅವಳು ಹಚ್ಚಿದಳೆಂದು ಹಾಲೇನು ಉಕ್ಕದೆ ಕೂತಿತೇ?

ಮೈದುನರೂ ಗೋಡೆ ಹಿಡಿದುಕೊಂಡು ಇಳಿದು ಬಂದು ಊಟಕ್ಕೆ ಕೂತರು. ತವರಿನವನೆಂದು ಮೊದಲ ಮಣೆ ನನಗೆ. ಅಕ್ಕ ಬಗ್ಗಿ ಹೋಳಿಗೆ ಬಡಿಸುವಾಗ ಅವಳ ಬೆರಳು ಕಂಡೆ. ಉಗುರ ಸಂದಿಯಲ್ಲಿ ತೊಳೆದರೂ ಹೋಗದ ಕೆಂಪು ಮಣ್ಣು. ಮುರಿದ ತುತ್ತನ್ನು ಎಲೆಯಲ್ಲೇ ಬಿಟ್ಟೆ. ಎದ್ದು ನಿಂತೆ.

"ಏನಾತೋ? ಬೆಲ್ಲ ಕಡಿಮಿ ಆತೇನು?"

"ಇಲ್ಲ ಅಕ್ಕಾ," ಎಂದೆ, ಅವಳ ಮೈದುನರಿಗೂ ಕೇಳುವ ಹಾಗೆ. "ಪಾಲಿನ ದಿನಾ ನಾ ಮಾತಾಡಬೇಕಿತ್ತು. ಸುಮ್ಮ ಕೂತೆ. ನಂದು ತಪ್ಪಾತು."