ಕತ್ತರಿ ಮಾವನದು, ಅಂಗಿ ನನ್ನದು

...ಅಂಗಿ ನೀಲಿಯದೇ ಆಗಿತ್ತೆ? ಎಲ್ಲರಿಗೂ ನೀಲಿ ಎಂದೇ ಹೇಳುತ್ತ ಬಂದಿದ್ದೇನೆ; ಈಗ ಅನುಮಾನ. ನೋಡಿ ಹೇಳೋಣವೆಂದರೆ ಅದು ನನ್ನ ಬಳಿ ಇಲ್ಲ. ನನ್ನದಂತೂ ಹೌದು. ಗುಡೇಕೋಟೆ ಹತ್ತಿರ ದ್ರಾಕ್ಷಿ ಬೆಳೆಯುವ ನನ್ನ ಸೋದರಮಾವ ಸ್ವಂತ ಅಂಗಿ ತೊಟ್ಟು ಗೊಂಚಲಿಗೆ ಕತ್ತರಿ ಹಾಕಿದವನೇ ಅಲ್ಲ!

ವೈನ್‌ಗೆ ಹಣ್ಣು ಬೆಳೆಯುವವರು ಕಾಯಿ ಹಸಿರಿರುವಾಗಲೇ ಅರ್ಧ ಗೊಂಚಲು ಕತ್ತರಿಸಿ ನೆಲಕ್ಕೆ ಬೀಳಿಸುತ್ತಾರೆ. ಉಳಿದವುಗಳಲ್ಲಿ ರಸ ಗಟ್ಟಿಯಾಗುತ್ತದೆ, ವೈನ್ ಚೆನ್ನಾಗಿ ಬರುತ್ತದೆ. ಮಾವನ ಲೆಕ್ಕದಲ್ಲಿ ಮಾತ್ರ ಇದು ಕೊಲೆ. ಕೊಲೆಗೆ ನೆಂಟರ ಅಂಗಿ!

"ಬಳ್ಳಿ ಗುರ್ತ ಹಿಡೀತೈತಲೇ ಅಳಿಯಾ. ನಾ ದಿನಾ ನೀರು ಬಿಡಾಂವ. ನೀ ಹೆಂಗೂ ನಾಳೆ ಹರಪನಹಳ್ಳಿ ಬಸ್ ಹತ್ತಾಂವ."

"ಸಿಟ್ಟು ನನ್ ಮ್ಯಾಲ ತೀರಿಸ್ಕೊಳ್ಳಲಿ ಅಂತೀಯೇನ್ ಮಾವ?"

"ಬಳ್ಳಿ ಬಸ್ ಹತ್ತಿ ಬರ್ತೈತೇನು?"

ನಕ್ಕೆವು. ಅಂದು ಸಂಜೆ ಮಾವ ಕಳಚಿಕೊಟ್ಟ ಅದೇ ಅಂಗಿ ತೊಟ್ಟು ನಾನು ಸಾಲಿನೊಳಗೆ ನಡೆದರೆ, ಗಾಳಿಯಿಲ್ಲದೆ ಎಲೆ ಅಲ್ಲಾಡಿದವು. ನಿಂತೆ, ಅವೂ ನಿಂತವು. ಎಳೆಯ ಕುಡಿಯೊಂದು ಅಂಗಿಯ ಗುಂಡಿಗೆ ಸುತ್ತಿಕೊಂಡಿತ್ತು. ಗುಂಡಿ ಕಿತ್ತುಕೊಟ್ಟೇ ಪಾರಾದೆ! ಅದು ಮೊದಲೇ ಬಿದ್ದುಹೋಗಿತ್ತು ಎನ್ನುತ್ತಾಳೆ ನನ್ನ ಹೆಂಡತಿ.

ಒಂದು ಬಳ್ಳಿಗೆ ಮಾತ್ರ ಯಾರ ಅಂಗಿ ತೊಟ್ಟರೂ ಮಾವನ ಕೈ ಏಳದು. ತೀರಿಕೊಂಡ ಅತ್ತೆ ನೆಟ್ಟದ್ದು. ಅತ್ತೆ ಹಡಗಲಿಯವಳು, ಮಲ್ಲಿಗೆ ಕಟ್ಟುತ್ತ ಬೆಳೆದವಳು. ಕತ್ತರಿಸಿದ ಗೊಂಚಲನ್ನೂ ಮಾಲೆ ಕಟ್ಟುವವರಂತೆ ಜೋಡಿ ಜೋಡಿಯಾಗಿ, ತೊಟ್ಟಿಗೆ ತೊಟ್ಟು ತಾಗಿಸಿ ನೆಲದ ಮೇಲೆ ಇಡುತ್ತಿದ್ದಳು. ಹೋದ ವರ್ಷ ಆ ಬಳ್ಳಿ ಎಲೆ ಕಾಣದಷ್ಟು ಕಾಯಿ ಹೊತ್ತು, ಭಾರ ತಾಳದೆ ಒಣಗತೊಡಗಿತು.

"ಕಡೀ ಮಾವ, ಇಲ್ಲಾಂದ್ರ ಸಾಯ್ತೈತಿ."

"ಅಕಿ ನೆಟ್ಟಿದ್ದಕ್ಕ ನಾ ಕತ್ರಿ ಹಚ್ಚಲೇನು? ನೀನೂ ಮುಟ್ಟಬ್ಯಾಡ."

ಉಳಿದ ಸಾಲು ಮುಗಿಸಿ, ನನ್ನ ಅಂಗಿಯನ್ನೂ ಕತ್ತರಿಯನ್ನೂ ಆ ಬಳ್ಳಿಯ ಕಲ್ಲುಕಂಬಕ್ಕೆ ತೂಗುಹಾಕಿದ. ಉಂಡು, ಬೇವಿನ ನೆರಳಲ್ಲಿ ಇಬ್ಬರೂ ಮಲಗಿದೆವು. ಎದ್ದು ಹೋದರೆ ಬಳ್ಳಿ ಹಗುರಾಗಿ ನಿಂತಿತ್ತು. ಕೆಳಗೆ ಹಸಿರು ಗೊಂಚಲುಗಳು ಜೋಡಿ ಜೋಡಿಯಾಗಿ, ತೊಟ್ಟಿಗೆ ತೊಟ್ಟು. ಅಂಗಿ ಕಂಬದಲ್ಲೇ ಇತ್ತು. ಇಳಿಬಿದ್ದಿದ್ದ ತೋಳು ಈಗ ಮೊಣಕೈವರೆಗೆ ಮಡಚಿತ್ತು, ಬೆನ್ನು ಆಗತಾನೇ ಬೆವತಂತೆ ಒದ್ದೆ.

"ನೀನೇನಲೇ?"

"ನೀನಲ್ಲಾ?"

ಮಾವ ಅಂಗಿ ವಾಪಸು ಕೊಡಲಿಲ್ಲ. ಮಡಿಕೆ ಬಿಚ್ಚದೆ ಎದೆಗೆ ಒತ್ತಿಕೊಂಡು, ಮೆಲ್ಲಗೆ ಹೇಳಿದ: "ಎಷ್ಟ ಬೆವರ್ಯಾಳ ನೋಡಲೇ."

ಬಳ್ಳಿ ಬದುಕಿದೆ. ಕತ್ತರಿ ಹಿಡಿದದ್ದು ಮಾವನೋ, ನಿದ್ದೆಗಣ್ಣಿನ ನಾನೋ, ಇನ್ಯಾರೋ, ನನಗೆ ಗೊತ್ತಿಲ್ಲ.