ಪ್ರಚಾರದ ಮಾಮಾ ಕರಿ ಕೋಟು ತೊಟ್ಟಾಗ

ನಮ್ಮ ಮಾಮಾ ವಕೀಲರಾದದ್ದರಿಂದ ಕಲಬುರಗಿಯ ಜನಕ್ಕೆ ಎಷ್ಟು ನ್ಯಾಯ ಸಿಕ್ಕಿತೋ ನಾನರಿಯೆ. ನನಗಂತೂ ಮದುವೆ ಮನೆಗಳಲ್ಲಿ ನೆಮ್ಮದಿಯಾಗಿ ಉಣ್ಣುವ ಭಾಗ್ಯ ತಪ್ಪಿಹೋಯಿತು!

ನನ್ನ ತಾಯಿಯ ಈ ತಮ್ಮ ಮೊದಲಿನಿಂದ ವಕೀಲರಲ್ಲ. ನಾಟಕ ಕಂಪನಿ, ಆರ್ಕೆಸ್ಟ್ರಾ, ಹಾಡಿನ ಕ್ಯಾಸೆಟ್ಟು ಎಲ್ಲದಕ್ಕೂ ಪ್ರಚಾರ ಮಾಡುತ್ತಿದ್ದವರು, ಕಲಾವಿದರಿಗೆಲ್ಲ ಮ್ಯಾನೇಜರ್. ಆಟೋಗೆ ಮೈಕು ಕಟ್ಟಿಕೊಂಡು ಸೇಡಂ ರಸ್ತೆಯಲ್ಲಿ ಹೊರಟರೆಂದರೆ ಆಸ್ಪತ್ರೆಯ ರೋಗಿಗಳೂ ಎದ್ದು ಕೂರುತ್ತಿದ್ದರಂತೆ. ಐವತ್ತರ ಹೊಸ್ತಿಲಲ್ಲಿ ಏನು ಹೊಳೆಯಿತೋ ಏನೋ, ಎಲ್ಲ ಬಿಟ್ಟು ಕಾನೂನು ಓದಿದರು. ನನ್ನ ವಯಸ್ಸಿನವರ ಜೊತೆ ಕುಳಿತು ಪರೀಕ್ಷೆ ಬರೆದು ಕರಿ ಕೋಟು ತೊಟ್ಟರು. ವಕೀಲರು ತಮ್ಮ ಜಾಹೀರಾತು ತಾವು ಮಾಡಿಕೊಳ್ಳುವಂತಿಲ್ಲ ಎಂಬುದು ಅವರ ತಲೆಗೆ ಇಳಿದದ್ದು ಆಮೇಲೆ! ಜೀವಮಾನವಿಡೀ ಕೂಗಿದ ಮನುಷ್ಯ ಬಾಯಿ ಕಟ್ಟಿಕೊಂಡು ಇರಲು ಸಾಧ್ಯವೇ? ನನ್ನ ಬಾಯಿಯನ್ನು ಬಾಡಿಗೆಗೆ ಹಿಡಿದರು, ಅದೂ ಪುಕ್ಕಟೆಯಾಗಿ.

ಬ್ರಹ್ಮಪುರದ ಒಂದು ಮದುವೆಯಲ್ಲಿ ಎಲೆಯ ಮುಂದೆ ಕುಳಿತು ಇನ್ನೇನು ಹೋಳಿಗೆ ಮುರಿಯಬೇಕು, ಪಕ್ಕದಲ್ಲಿದ್ದ ಮಾಮಾ ಮೊಣಕೈಯಿಂದ ತಿವಿದರು.

"ಆ ಕಡಿ ಕುಂತಾರಲ್ಲ, ಅವರದು ಹೊಲದ ತಕರಾರು ಅದ. ನಾ ವಕೀಲ ಅದೀನಿ ಅಂತ ಹೇಳು."

"ನೀವೇ ಹೇಳ್ರಿ ಮಾಮಾ."

"ನಾ ಹೇಳಂಗಿಲ್ಲ, ಕಾಯ್ದಾ ಅದ. ನಿನಗ್ಯಾವ ಕಾಯ್ದಾ?"

ಹೇಳಿದೆ, ಇನ್ನೇನು ಮಾಡಲಿ? ಮಾಮಾ ತಲೆ ತಗ್ಗಿಸಿ, ತಮಗೆ ಹೊಗಳಿಕೆಯೆಂದರೆ ಆಗುವುದೇ ಇಲ್ಲ ಎಂಬಂತೆ ಸಂಕೋಚಪಟ್ಟುಕೊಂಡರು! ಅಷ್ಟರಲ್ಲಿ ನನ್ನ ಹೋಳಿಗೆಯ ತುಪ್ಪ ಹೆಪ್ಪುಗಟ್ಟಿತ್ತು.

ಕಕ್ಷಿದಾರರೆಂದರೆ ಅವರಿಗೆ ಕಲಾವಿದರೇ. ವಿಚಾರಣೆಗೆ 'ಶೋ' ಅನ್ನುತ್ತಿದ್ದರು. ಸಾಕ್ಷಿಗಳು ಹೇಗೆ ನಡೆದು ಬರಬೇಕು, ಎಲ್ಲಿ ನಿಂತು ಉಸಿರು ಬಿಡಬೇಕು ಎಂದೆಲ್ಲ ನಮ್ಮ ಪಡಸಾಲೆಯಲ್ಲಿ ತಾಲೀಮು! ಚಹಾ ಸರಬರಾಜು ನನ್ನದು. ಒಮ್ಮೆ ಕೋರ್ಟಿನಲ್ಲಿ ಎದುರು ಪಕ್ಷದ ಸಾಕ್ಷಿ ಬಲು ಸೊಗಸಾಗಿ ಸುಳ್ಳು ಹೇಳಿದಾಗ ತಡೆಯಲಾರದೆ "ಭಲೇ!" ಎಂದುಬಿಟ್ಟರಂತೆ. ನ್ಯಾಯಾಧೀಶರು ಕನ್ನಡಕದ ಮೇಲಿಂದ ನೋಡಿದರು.

"ತಪ್ಪಾತ್ರಿ ಸಾಹೇಬ್ರ, ಹಳೇ ಚಟ," ಎಂದರಂತೆ ಮಾಮಾ.

ಇಂಥವರನ್ನು ನಂಬಿ ಯಾರಾದರೂ ಮೊಕದ್ದಮೆ ಕೊಡುತ್ತಾರೆಯೇ? ಕೊಟ್ಟರು, ಕಮಲಾಪುರದ ರುಕ್ಮಾಬಾಯಿ. ಹಿಂದೆ ನಾಟಕ ಕಂಪನಿಯಲ್ಲಿ ಹಾಡುತ್ತಿದ್ದವರು. ಎಂದೋ ಕ್ಯಾಸೆಟ್ಟಿಗೆ ಹಾಡಿದ ಅವರ ಹಾಡೊಂದು ಈಗ ಎಲ್ಲರ ಮೊಬೈಲಿನಲ್ಲೂ ಕೇಳಿಸುತ್ತದೆ. ಹೆಸರು ಮಾತ್ರ ಇನ್ನೊಬ್ಬಳದು! ಹಾಡಿದವರ ಹೆಸರು ಹಾಕಬೇಕೆಂದು ಕಾಯ್ದೆ ಇದ್ದರೂ ಕ್ಯಾಸೆಟ್ ಕಂಪನಿ ಜಗ್ಗಲಿಲ್ಲ.

"ನನಗ ಮತ್ತೇನೂ ಬ್ಯಾಡ್ರಿ. ನಾ ಸಾಯೋದ್ರಾಗ ಅದರ ಮ್ಯಾಲ ನನ್ನ ಹೆಸರು ಬಂದ್ರ ಸಾಕು," ಎಂದರು ರುಕ್ಮಾಬಾಯಿ.

ಮಾಮಾ ನನ್ನನ್ನೂ ಎಳೆದುಕೊಂಡು ಕಮಲಾಪುರಕ್ಕೆ ಅಲೆದದ್ದೇ ಅಲೆದದ್ದು. ಈ ಕೇಸಿನಿಂದ ತಮ್ಮ ಹೆಸರು ನಾಡಿನಲ್ಲೆಲ್ಲ ಮೆರೆಯಲಿ ಎಂಬ ಆಸೆಯಿರಬೇಕು ಎಂದುಕೊಂಡು ನಾನು ಬಸ್ಸಿನಲ್ಲಿ ಹಲ್ಲು ಕಡಿಯುತ್ತಿದ್ದೆ.

ಕೋರ್ಟಿನಲ್ಲಿ ಕಂಪನಿಯ ವಕೀಲರು ಒಂದೇ ಪ್ರಶ್ನೆ ಹಿಡಿದು ಕೂತರು: ಹಾಡಿದ್ದು ಈಕೆಯೇ ಎನ್ನಲು ಕಣ್ಣಾರೆ ಕಂಡವರು ಯಾರಿದ್ದಾರೆ? ಕ್ಯಾಸೆಟ್ ಕಂಪನಿಯ ಹಳೆಯ ಮಂದಿಯೆಲ್ಲ ತೀರಿಹೋಗಿದ್ದರು. ರುಕ್ಮಾಬಾಯಿ ಒಮ್ಮೆ ಮಾಮಾರ ಕಡೆ ನೋಡಿ ಸೆರಗು ಎಳೆದುಕೊಂಡರು. ಅಂದು ಮನೆಗೆ ಬಂದವರೇ ಮಾಮಾ ಕರಿ ಕೋಟು ಕಳಚಿ ಗೂಟಕ್ಕೆ ನೇತುಹಾಕಿದರು. ಕೇಸು ಕೈತಪ್ಪಿತು ಎಂದೇ ನನಗನ್ನಿಸಿತು.

ಮುಂದಿನ ತಾರೀಖಿಗೆ ಅವರು ಕರಿ ಕೋಟಿಲ್ಲದೆ, ಬರಿಯ ಬಿಳಿ ಅಂಗಿಯಲ್ಲಿ ಬಂದರು. ಸಾಕ್ಷಿ ಹೇಳುವವನು ಅದೇ ಕೇಸಿನಲ್ಲಿ ವಕೀಲನಾಗಿ ನಿಲ್ಲುವಂತಿಲ್ಲ. ಆದ್ದರಿಂದ ಕೇಸನ್ನು ಗೆಳೆಯರೊಬ್ಬರಿಗೆ ಒಪ್ಪಿಸಿ, ತಾವೇ ಕಟಕಟೆ ಹತ್ತಿದರು. ತಾಲೀಮಿಲ್ಲ, ಗತ್ತಿಲ್ಲ. ತೊದಲುತ್ತಿದ್ದರು.

"ಹಾಡಿದಾಕಿ ಇವರೇ ರೀ. ಮುಂದ ನಿಂತು ಹಾಡಿಸಿದಾಂವ ನಾ. ಇವರಿಗೆ ವಯಸ್ಸಾಗ್ಯಾದ, ಕ್ಯಾಸೆಟ್ಟಿನ ಡಬ್ಬಿ ಮ್ಯಾಲ ಚಂದ ಮುಖ ಇದ್ರ ಓಡ್ತದ ಅಂತ ಬ್ಯಾರೆ ಹುಡುಗಿ ಫೋಟೋ, ಹೆಸರು ಹಾಕಿಸಿದಾಂವನೂ ನಾನೇ. ಅದನ್ನ ಸರಿ ಮಾಡ್ಬೇಕಂತನೇ ಕಾನೂನು ಓದೀನ್ರಿ. ಹೇಳಾಕ ನಾಚಿಕಿ ಬಂದು ಇಷ್ಟು ದಿನ ಸುಮ್ಮಿದ್ದೆ."

ಆ ಮಾತಿನ ಬಲದಿಂದಲೇ ಮುಂದೆ ಹಾಡಿಗೆ ರುಕ್ಮಾಬಾಯಿಯ ಹೆಸರು ಬಂತು. ಆದರೆ ನಾನು ಮರೆಯಲಾರದ್ದು ಅಂದಿನ ಮಧ್ಯಾಹ್ನವನ್ನು. ಕೋರ್ಟಿನ ಹೊರಗೆ ಬೇವಿನ ಕಟ್ಟೆಯ ಮೇಲೆ ಮಾಮಾ ಮುಖ ಮುಚ್ಚಿಕೊಂಡು ಕುಳಿತಿದ್ದರು. ಇಷ್ಟು ವರ್ಷಗಳ ನನ್ನ ಸಿಟ್ಟೆಲ್ಲ ಎಲ್ಲಿಗೆ ಹೋಯಿತೋ! ಪಕ್ಕದಲ್ಲಿ ಕುಳಿತು ಅವರ ಕೈ ಹಿಡಿದುಕೊಂಡೆ, ನನಗೂ ಅಳು ಬಂತು. ರುಕ್ಮಾಬಾಯಿ ಮೆಲ್ಲಗೆ ಬಂದು, ಚೀಲದಿಂದ ಕಮಲಾಪುರದ ಕೆಂಪು ಬಾಳೆಹಣ್ಣು ತೆಗೆದು, ಸುಲಿದು ಅವರ ಕೈಗಿಟ್ಟರು.

"ಆ ಹುಡುಗಿ ಹೆಸರು ಹಾಕಿಸಿದವರು ನೀವೇ ಅಂತ ನನಗ ಅವತ್ತೇ ಗೊತ್ತಿತ್ರಿ ಮ್ಯಾನೇಜರ್ ಸಾಹೇಬ್ರ. ನಿಮ್ಮ ಮಾನ ಹೋಗ್ತದಂತ ಯಾರ ಮುಂದೂ ಹೇಳಿಲ್ಲ. ತಿನ್ರಿ, ಮುಂಜಾನಿಂದ ಉಪಾಸ ಅದೀರಿ."